ಸಂಬಂಧವೂ ಸ್ವಾಮ್ಯವೂ

ಮನುಷ್ಯನ ನಾಲಗೆಯ ಮೇಲೆ ದಿನವೂ ಹೆಚ್ಚಾಗಿ ಸುಳಿಯುವ ನುಡಿಗಳಲ್ಲಿ ‘ನನ್ನ’, ‘ನಿನ್ನ’, ‘ಅವರ’ ಎಂಬವು ಸೇರಿರುತ್ತವೆ. ಮಾತು ಬಂದ ಕೆಲವು ದಿನಗಳಲ್ಲಿಯೇ ಕೂಸು ಗೊಂಬೆಯನ್ನು ಅವಚಿಕೊಂಡು ‘ನನ್ನದು’ ಎಂದು ಹಟ ಹಿಡಿಯುವದು. ಅದೇ ಕೂಸು ಮುದಿತನವನ್ನು ಮುಟ್ಟಿ ಮೃತ್ಯುಪತ್ರವನ್ನು ಬರೆಯಿಸುವಾಗಲೂ ಆ ನುಡಿಯನ್ನೇ ಬರೆಯಿಸುವದು. ಇಷ್ಟು ಬಳಕೆಯ ಮಾತಾದುದರಿಂದಲೇ ಅದರ ಕಡೆಗೆ ಯಾರ ಲಕ್ಷ್ಯವೂ ಹೋಗುವದಿಲ್ಲ. ಆದರೆ ಒಂದು ಜನವು ಮತ್ತೊಂದು ಜನದ ಭಾಷೆಯನ್ನು ಕಲಿಯಬೇಕಾಗಿ ಬಂದಾಗ ಈ ಚಿಕ್ಕ ನುಡಿಗಳೇ ಮೊದಲು ಎಡವಿಸುತ್ತವೆ. ಕಾರವಾರ ಅಂಕೋಲೆಗಳ ಪ್ರಾಂತದಲ್ಲಿ ಇಂಗ್ಲೀಷು ಭಾಷೆ ಬಂದು ನೆಲೆಗೊಂಡ ಇತಿಹಾಸವನ್ನು ನೋಡಿದರೆ, ಸಾಲೆಯ ಹಲಗೆಯ ಮೇಲೆ ಬರೆದ ‘ಮೈ’, ‘ಮೈನ್’ ಎಂಬ ರೂಪಗಳಿಗೂ ಹೊಲದ ಬದುವಿನ ಮೇಲೆ ಎದ್ದ ‘ಇದು ಯಾರದು?’ ಎಂಬ ಪ್ರಶ್ನೆಗೂ ತೋರಿಕೆಗಿಂತ ಹೆಚ್ಚಿನ ನಂಟು ಇರುವದು ಕಂಡುಬರುತ್ತದೆ.

ಮೊದಲು ಹೆಸರಿನ ವಿಚಾರ. ಇಂಗ್ಲೀಷು ವ್ಯಾಕರಣಕಾರರು ಈ ವರ್ಗದ ನುಡಿಗಳಿಗೆ ಸ್ವಾಮ್ಯವಾಚಕಗಳೆಂದು ಹೆಸರಿಟ್ಟರು. ನಮ್ಮ ನಾಡಿನ ಶಾಸ್ತ್ರಕಾರರು ಇಟ್ಟ ಹೆಸರು ಬೇರೆ. ಸಂಸ್ಕೃತ ವ್ಯಾಕರಣದಲ್ಲಿ ಷಷ್ಠಿಯು ಕಾರಕವಲ್ಲ. ಕರ್ತೃ, ಕರ್ಮ, ಕರಣ ಮೊದಲಾದ ಆರು ಕಾರಕಗಳು ಕ್ರಿಯೆಯೊಡನೆ ಕೂಡಿಕೊಳ್ಳುವವು. ಷಷ್ಠಿಯಾದರೋ ಒಂದು ನಾಮವನ್ನು ಇನ್ನೊಂದು ನಾಮದೊಡನೆ ಜೋಡಿಸುವದು. ಆ ಜೋಡಣೆಗೆ ‘ಸಂಬಂಧ’ವೆಂದು ಹೆಸರು. ಸ್ವಾಮಿ ಮತ್ತು ಸೊತ್ತು ಎಂಬದು ಆ ಸಂಬಂಧದ ಹಲವು ಬಗೆಗಳಲ್ಲಿ ಒಂದು ಮಾತ್ರ. ‘ನನ್ನ ತಾಯಿ’ ಎಂದಾಗ ತಾಯಿಗೆ ಮಗನು ಒಡೆಯನಲ್ಲ. ‘ನನ್ನ ಊರು’ ಎಂದಾಗ ಊರು ಯಾರೊಬ್ಬನ ಗಂಟೂ ಅಲ್ಲ. ಈ ವಿವೇಕವು ಕನ್ನಡ ವ್ಯಾಕರಣಗಳಿಗೂ ಬಂದಿತು. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳನ್ನು ಹೇಳಿ ಷಷ್ಠಿಗೆ ‘ಅ’ ಎಂಬ ಪ್ರತ್ಯಯವನ್ನು ವಿಧಿಸಿದನು. ಎನ್ನ, ನಿನ್ನ, ತನ್ನ, ಎಮ್ಮ, ನಿಮ್ಮ, ತಮ್ಮ ಎಂಬ ಹಳಗನ್ನಡದ ರೂಪಗಳೆಲ್ಲ ಆ ಒಂದೇ ಅಕಾರದಿಂದ ಮುಗಿಯುವವು.

ಈ ವಿಷಯದಲ್ಲಿ ಉತ್ತರ ಕನ್ನಡ ಜಿಲ್ಲೆಯು ಹೆಮ್ಮೆ ಪಡತಕ್ಕ ಒಂದು ಸಂಗತಿಯುಂಟು. ಭಟ್ಕಳದ ಒಳನಾಡಿನಲ್ಲಿರುವ ಹಾಡುವಳ್ಳಿ, ಅಂದರೆ ಹಿಂದಿನ ಸಂಗೀತಪುರ, ಜೈನ ವಿದ್ಯೆಯ ಹೆಸರಾಂತ ಪೀಠವಾಗಿದ್ದಿತು. ಆ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಕನ್ನಡದ ಲಕ್ಷಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿ, ಅವುಗಳಿಗೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದು, ದೇಶಭಾಷೆಯು ಶಾಸ್ತ್ರಕ್ಕೆ ಅರ್ಹವಲ್ಲವೆಂಬವರಿಗೆ ಆತನು ಉತ್ತರ ಕೊಟ್ಟನು. ಇಂಗ್ಲೀಷರು ಈ ಕರಾವಳಿಯಲ್ಲಿ ಕಾಲೂರುವ ಮೊದಲೇ ಇದೇ ಕರಾವಳಿಯ ಪಂಡಿತನು ಸ್ವಭಾಷೆಯ ಸಂಬಂಧವಿಚಾರವನ್ನು ಸೂತ್ರಬದ್ಧವಾಗಿ ಮುಗಿಸಿದ್ದನೆಂಬದನ್ನು ಮರೆಯಲಾಗದು.

ಇಂಗ್ಲೀಷರು ಬಂದದ್ದು ಆ ಬಳಿಕ 34 ವರ್ಷಗಳಿಗೆ. ಸರ್ ವಿಲಿಯಮ್ ಕೋರ್ಟೀನನ ವ್ಯಾಪಾರಸಂಘದವರು 1638ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮೆಣಸೂ ನಯವಾದ ಅರಿವೆಯೂ ಅವರಿಗೆ ಬೇಕಾಗಿದ್ದವು. ಆಗ ಅವರಿಗೆ ಸ್ಥಳಿಕರಿಗೆ ತಮ್ಮ ಭಾಷೆಯನ್ನು ಕಲಿಸುವ ಉದ್ದೇಶವೂ ಇರಲಿಲ್ಲ, ಅವಕಾಶವೂ ಇರಲಿಲ್ಲ. ಕರಾವಳಿಯ ವ್ಯಾಪಾರದಲ್ಲಿ ಪೋರ್ತುಗೀಜ ಭಾಷೆಯೂ ದುಭಾಷಿಗಳೂ ಕೆಲಸ ನಡೆಯಿಸಿಕೊಡುತ್ತಿದ್ದರು.

ಆ ಕೋಠಿಯ ಇಂಗ್ಲೀಷರ ಭಾಷೆಯೇ ಆಗ ಈ ವಿಷಯದಲ್ಲಿ ನೆಲೆ ನಿಂತಿರಲಿಲ್ಲವೆಂಬದು ಕುತೂಹಲದ ಸಂಗತಿ. ಇಂದು ಅಚೇತನ ವಸ್ತುವಿಗೆ ಹೇಳುವ ‘ಇಟ್ಸ್’ ಎಂಬ ರೂಪವು 16ನೆಯ ಶತಮಾನದ ಕೊನೆಗೆ ಮಾತ್ರ ಬರವಣಿಗೆಯಲ್ಲಿ ತಲೆದೋರಿತು. ಅದಕ್ಕೂ ಮೊದಲು ಪುಲ್ಲಿಂಗಕ್ಕೂ ನಪುಂಸಕಕ್ಕೂ ‘ಹಿಸ್’ ಎಂಬ ಒಂದೇ ರೂಪವು ಸಾಗುತ್ತಿದ್ದಿತು. 1611ರಲ್ಲಿ ಜೇಮ್ಸ್ ಅರಸನ ಆಜ್ಞೆಯಿಂದ ಅಚ್ಚಾದ ಬೈಬಲ್ಲಿನ ಭಾಷಾಂತರದಲ್ಲಿ ‘ಇಟ್ಸ್’ ಎಂಬದನ್ನು ಬಳಸಿರಲಿಲ್ಲ. ಸಲುಗೆಯ ಏಕವಚನಕ್ಕೆ ‘ದೈ’, ‘ದೈನ್’ ಎಂಬವು ಇನ್ನೂ ಜೀವದಿಂದಿದ್ದವು. ಅರಸನ ಕಿರೀಟವೆನ್ನಲು ‘ಅರಸ ಅವನ ಕಿರೀಟ’ ಎಂಬ ಧಾಟಿಯಲ್ಲಿ ಬರೆಯುವ ರೂಢಿಯೂ ಆ ಕಾಲದ್ದು. ‘ಮೈ’ ಮತ್ತು ‘ಮೈನ್’ ಎಂಬವು ಮೂಲದಲ್ಲಿ ಒಂದೇ ಪದ. ಮುಂದೆ ಸ್ವರ ಬಂದರೆ ನಕಾರ ಉಳಿಯುವದು, ವ್ಯಂಜನ ಬಂದರೆ ಬೀಳುವದು. ಕಾಲಾಂತರದಲ್ಲಿ ನಾಮದ ಹಿಂದೆ ನಿಲ್ಲುವದಕ್ಕೆ ‘ಮೈ’, ತಾನೇ ನಾಮವಾಗಿ ನಿಲ್ಲುವದಕ್ಕೆ ‘ಮೈನ್’ ಎಂದು ಕೆಲಸ ಹಂಚಿಕೆಯಾಯಿತು. ‘ಥೇರ್’ ಎಂಬದಂತೂ ಸ್ಕ್ಯಾಂಡಿನೇವಿಯದ ನಾವಿಕ ಜನರಿಂದ ಬಂದ ಎರವಲು. ಹೀಗೆ ‘ಅವರದು’ ಎಂದು ಹೇಳುವ ನುಡಿಯನ್ನೇ ಆ ಭಾಷೆಯು ಪರರಿಂದ ಎತ್ತಿಕೊಂಡಿತು. ಆದರೆ ಬ್ರಿಟಿಷ್ ಸಾಲೆಗಳ ಪುಸ್ತಕಗಳಲ್ಲಿ ಈ ಇತಿಹಾಸದ ಸುಳಿವು ಇರಲಿಲ್ಲ. ಅಲ್ಲಿ ಆ ರೂಪಗಳು ಸೃಷ್ಟಿಯ ಆದಿಯಿಂದ ಸಿದ್ಧವಾಗಿ ಬಂದಂತೆ ಪಂಕ್ತಿಪಂಕ್ತಿಯಾಗಿ ನಿಂತಿದ್ದವು.

1799ರಲ್ಲಿ ಟೀಪು ಸುಲ್ತಾನನ ಪತನವಾದ ತರುವಾಯ ಕಾನಡಾ ಪ್ರಾಂತವು ಕುಂಪಣಿ ಸರಕಾರದ ವಶವಾಯಿತು. ಮೊದಲು ಮದ್ರಾಸ ಇಲಾಖೆಗೆ ಸೇರಿದ್ದ ಈ ಪ್ರಾಂತವನ್ನು 1860ರ ಸುಮಾರಿಗೆ ಉತ್ತರ ದಕ್ಷಿಣಗಳೆಂದು ಒಡೆದು, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಇಲಾಖೆಗೆ ಕೊಟ್ಟರು. ಅಂದಿನಿಂದ ಕಾರವಾರವು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಕಲೆಕ್ಟರರ ಕಚೇರಿ, ಜಿಲ್ಲಾ ನ್ಯಾಯಾಲಯ, ಬಂದರು, ಇಂಗ್ಲೀಷು ಸಾಲೆ ಇವೆಲ್ಲ ಒಂದರ ಹಿಂದೆ ಒಂದರಂತೆ ಬಂದವು. ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿಯೇ ಸ್ಥಾಪಿತವಾಗಿದ್ದಿತು. ಅದರ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ದಾಟಿದವನಿಗೆ ಸರಕಾರಿ ನೌಕರಿಯ ಬಾಗಿಲು ತೆರೆಯುತ್ತಿದ್ದಿತು. ಆದುದರಿಂದ ಇಂಗ್ಲೀಷು ವ್ಯಾಕರಣವೆಂಬದು ಅನೇಕ ಮನೆತನಗಳಿಗೆ ಅನ್ನದ ಪ್ರಶ್ನೆಯೂ ಆಯಿತು.

ಆ ಕಾಲದ ವ್ಯಾಕರಣಬೋಧೆಯ ಮೂಲಪುರುಷನು ಲಿಂಡ್ಲೀ ಮರ್ರೇ. ಈತನು 1795ರಲ್ಲಿ ಪ್ರಕಟಿಸಿದ ವ್ಯಾಕರಣವು ಇಂಗ್ಲಂಡದಲ್ಲಿಯೂ ಅಮೇರಿಕೆಯಲ್ಲಿಯೂ ಅಸಂಖ್ಯ ಆವೃತ್ತಿಗಳನ್ನು ಕಂಡಿತು. ನಾಮಕ್ಕೆ ಕರ್ತೃ, ಸ್ವಾಮ್ಯ, ಕರ್ಮ ಎಂಬ ಮೂರೇ ವಿಭಕ್ತಿಗಳೆಂದು ಈತನು ನಿರ್ಣಯಿಸಿದನು. ನಮ್ಮವರ ‘ಸಂಬಂಧ’ವು ಇಲ್ಲಿ ‘ಸ್ವಾಮ್ಯ’ವಾಗಿ ನಿಂತಿತು. ಮುಂದೆ ಭಾರತದ ಸಾಲೆಗಳಿಗಾಗಿಯೇ ನೆಸ್‌ಫೀಲ್ಡನು ಬರೆದ ವ್ಯಾಕರಣಗಳು 19ನೆಯ ಶತಮಾನದ ಕೊನೆಯಿಂದ ಪ್ರಚಾರಕ್ಕೆ ಬಂದವು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಇವರ ಪುಸ್ತಕವು ಬಂದು ಆ ಸ್ಥಾನವನ್ನು ಹಿಡಿಯಿತು. ಈ ರೆನ್ ಸಾಹೇಬನು ಮುಂಬಯಿ ಇಲಾಖೆಯ ಶಿಕ್ಷಣಖಾತೆಯಲ್ಲಿ ನೌಕರಿ ಮಾಡಿದವನೇ. ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯಿಂದ ಜಗತ್ತಿಗೆ ಪರಿಚಿತನಾದರೂ ಭಾರತದ ಮನೆಗಳಲ್ಲಿ ಆತನ ಹೆಸರು ಉಳಿದದ್ದು ವ್ಯಾಕರಣದಿಂದ. ‘ಮೈ, ಯುವರ್, ಹರ್’ ಇವು ವಿಶೇಷಣಗಳು, ‘ಮೈನ್, ಯುವರ್ಸ್, ಹರ್ಸ್’ ಇವು ಸರ್ವನಾಮಗಳು ಎಂಬ ವಿಭಾಗವನ್ನು ಈ ಪುಸ್ತಕಗಳಿಂದಲೇ ತಲೆಮಾರುಗಳು ಬಾಯಿಪಾಠ ಮಾಡಿದವು.

ಆದರೆ ಕಾರವಾರ ಅಂಕೋಲೆಗಳ ಸಾಲೆಗೆ ಬರುವ ಹುಡುಗನು ಬರಿಯ ಹಲಗೆಯಂತೆ ಬರುತ್ತಿರಲಿಲ್ಲ. ಆತನ ನಾಲಗೆಯ ಮೇಲೆ ಆಗಲೇ ಒಂದೆರಡು ಭಾಷೆಗಳ ಕಟ್ಟಳೆಗಳು ಕುಳಿತಿರುತ್ತಿದ್ದವು. ಕಾರವಾರದ ಬಹು ಮನೆಗಳಲ್ಲಿ ಕೊಂಕಣಿ. ಅಂಕೋಲೆಯಲ್ಲಿ ನಾಡವರ, ಹಾಲಕ್ಕಿಯವರ, ಇನ್ನಿತರರ ಕನ್ನಡ. ಕಚೇರಿಯ ಸುತ್ತಲೂ ಸಾಲೆಯಲ್ಲಿಯೂ ಮರಾಠಿಯ ಸುಳಿದಾಟ. ಈ ಭಾಷೆಗಳಲ್ಲಿ ಒಂದೊಂದೂ ‘ಇವನದು, ಇವಳದು’ ಎಂಬದನ್ನು ಬೇರೆ ಬೇರೆ ಬಗೆಯಿಂದ ನಿರ್ವಹಿಸುವದು.

ಕೊಂಕಣಿಯಲ್ಲಿ ಸಂಬಂಧಪದವು ತನ್ನ ಮುಂದಿನ ನಾಮದ ಲಿಂಗವನ್ನು ಅನುಸರಿಸುವದು. ಅವಳ ಮಗನು ‘ತಿಗೆಲೊ ಪೂತು’, ಅವಳ ಮಗಳು ‘ತಿಗೆಲಿ ಧೂವ’, ಅವಳ ಮನೆ ‘ತಿಗೆಲೆಂ ಘರ’. ಪದದ ಮೊದಲಿನಲ್ಲಿ ಒಡತಿಯ ಗುರುತು, ಕೊನೆಯಲ್ಲಿ ಒಡವೆಯ ಗುರುತು. ಎರಡೂ ಒಂದೇ ಪದದಲ್ಲಿ ಅಡಕವಾಗಿರುವವು. ಮರಾಠಿಯ ನಡೆಯೂ ಹೀಗೆಯೇ. ಇಂಗ್ಲೀಷಿನಲ್ಲಾದರೋ ಒಡೆಯನ ಲಿಂಗಕ್ಕೆ ಮಾತ್ರ ಬೆಲೆ. ಒಡವೆಯು ಗಂಡಾಗಲಿ ಹೆಣ್ಣಾಗಲಿ ‘ಹಿಸ್’, ‘ಹರ್’ ಎಂಬವು ಬದಲಾಗವು. ಒಡವೆಯ ಲಿಂಗಕ್ಕೆ ತಕ್ಕಂತೆ ಪದದ ಕೊನೆಯನ್ನು ಮಾರ್ಪಡಿಸಿ ರೂಢಿಯಾದ ಕೊಂಕಣಿಗ ಹುಡುಗನು, ಅವಳ ತಮ್ಮನೆಂದು ಬರೆಯಬೇಕಾದಲ್ಲಿ ‘ಹಿಸ್’ ಎಂದು ಬರೆದು ಪೆಟ್ಟು ತಿಂದರೆ ಅದು ದಡ್ಡತನವಲ್ಲ. ತಾಯಿನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಫಲ. ಫ್ರೆಂಚ್ ಭಾಷೆಯಲ್ಲಿಯೂ ಒಡವೆಯ ಲಿಂಗವೇ ಪ್ರಧಾನವಾದುದರಿಂದ ಇಂಗ್ಲೀಷು ಕಲಿಯುವ ಫ್ರೆಂಚ್ ಹುಡುಗನು ಇದೇ ಕಲ್ಲಿಗೆ ಎಡವುತ್ತಾನೆ.

ಕನ್ನಡಿಗ ಹುಡುಗನ ತೊಡಕು ಬೇರೆ ತರಹದ್ದು. ಕನ್ನಡದಲ್ಲಿ ‘ನನ್ನ’ ಎಂಬ ಷಷ್ಠಿಗೆ ‘ಅದು’ ಸೇರಿ ‘ನನ್ನದು’ ಎಂದಾಗುವದು. ಒಡವೆಯು ಗಂಡಾದರೆ ‘ನನ್ನವನು’, ಹೆಣ್ಣಾದರೆ ‘ನನ್ನವಳು’, ಜನರಾದರೆ ‘ನನ್ನವರು’, ವಸ್ತುಗಳು ಹಲವಾದರೆ ‘ನನ್ನವು’. ಇಷ್ಟಕ್ಕೂ ಇಂಗ್ಲೀಷಿನಲ್ಲಿ ‘ಮೈನ್’ ಎಂಬ ಒಂದೇ ರೂಪ. ‘ನನ್ನವರು’ ಎಂದರೆ ಕನ್ನಡದಲ್ಲಿ ಬಂಧುಬಾಂಧವರು, ಆಪ್ತರು ಎಂಬ ಆರ್ದ್ರವಾದ ಅರ್ಥವು ಹೊಮ್ಮುವದು. ‘ಮೈನ್’ ಎಂಬ ಪದವು ಅಷ್ಟು ಭಾರವನ್ನು ಹೊರಲಾರದು. ಹಾಗೆಯೇ ಒಬ್ಬನೇ ಮಗನಾದವನು ಕೂಡ ‘ನಮ್ಮ ಅಪ್ಪ’, ‘ನಮ್ಮ ಮನೆ’ ಎಂದೇ ಹೇಳುವ ರೂಢಿ ನಮ್ಮದು. ಇಂಗ್ಲೀಷಿನಲ್ಲಿ ಅದನ್ನು ಏಕವಚನಕ್ಕೆ ಇಳಿಸಿ ‘ಮೈ ಫಾದರ್’ ಎನ್ನಬೇಕು. ಅವಿಭಕ್ತ ಕುಟುಂಬದಲ್ಲಿ ಬೆಳೆದವನಿಗೆ ಅಪ್ಪನನ್ನು ತನ್ನೊಬ್ಬನ ಪಾಲಿಗೆ ಎಳೆದುಕೊಳ್ಳುವ ಆ ಮಾತು ಮೊದಮೊದಲು ನಾಚಿಕೆಯದಾಗಿ ತೋರಿದರೆ ಆಶ್ಚರ್ಯವೇನು?

ಇದಕ್ಕಿಂತಲೂ ವಿನೋದದ ತೊಡಕೊಂದಿದೆ. ಇಂಗ್ಲೀಷಿನಲ್ಲಿ ‘ನಮ್ಮ’ ಎಂಬದಕ್ಕೆ ‘ಅವರ್’ ಎನ್ನುವರು. ಕನ್ನಡದ ಕಿವಿಗೆ ಅದು ‘ಅವರ’ ಎಂದೇ ಕೇಳುವದು! ‘ಅವರ್ ಸ್ಕೂಲ್’ ಎಂದರೆ ಯಾರದೋ ಸಾಲೆ, ‘ಅವರ್ ಕಂಟ್ರೀ’ ಎಂದರೆ ಯಾರದೋ ದೇಶ. ಒಂದೇ ಧ್ವನಿಯು ಒಂದು ಭಾಷೆಯಲ್ಲಿ ‘ನಮ್ಮದು’, ಇನ್ನೊಂದರಲ್ಲಿ ‘ಪರರದು’. ಆಳುವವರು ‘ಅವರ್’ ಎಂದುದನ್ನು ಆಳಿಸಿಕೊಳ್ಳುವವರು ‘ಅವರ’ ಎಂದು ತಿಳಿದುಕೊಂಡರೆ ಅಂದಿನ ಪರಿಸ್ಥಿತಿಯಲ್ಲಿ ಆ ತಿಳಿವಳಿಕೆಯು ತೀರ ತಪ್ಪೂ ಆಗುತ್ತಿರಲಿಲ್ಲ.

ಇಂಗ್ಲೀಷಿಗಿಂತ ನಮ್ಮ ಭಾಷೆಗಳು ಖಚಿತವಾಗಿರುವ ಸ್ಥಳವೂ ಇದೆ. ‘ರಾಮನು ತನ್ನ ಹೊಲವನ್ನು ಉತ್ತನು’ ಎಂದರೆ ಹೊಲವು ರಾಮನದೇ. ‘ರಾಮನು ಅವನ ಹೊಲವನ್ನು ಉತ್ತನು’ ಎಂದರೆ ಶಿಷ್ಟಭಾಷೆಯಲ್ಲಿ ಹೊಲವು ಬೇರೊಬ್ಬನದು. ಕೊಂಕಣಿಯ ‘ಆಪಲೊ’ ಎಂಬದಕ್ಕೂ ಈ ಗುಣವುಂಟು. ಇಂಗ್ಲೀಷಿನ ‘ಹಿಸ್’ ಎಂಬದಕ್ಕೆ ಈ ವಿವೇಕವಿಲ್ಲ. ಹೊಲವು ಉತ್ತವನದೋ ಮತ್ತೊಬ್ಬನದೋ ಎಂಬದನ್ನು ಹಿಂದುಮುಂದಿನ ಮಾತಿನಿಂದ ಊಹಿಸಬೇಕು. ಇಲ್ಲವೆ ‘ಓನ್’ ಎಂಬ ಪದವನ್ನು ಸೇರಿಸಬೇಕು. ಸಾಲೆಯ ಪಾಠದಲ್ಲಿ ಇದು ಸಣ್ಣ ಮಾತು. ಆದರೆ ಕನ್ನಡದಲ್ಲಿ ಬರೆದ ಗೇಣಿಚೀಟಿಯನ್ನೂ ಪಾಲುಪತ್ರವನ್ನೂ ಇಂಗ್ಲೀಷಿಗೆ ಇಳಿಸಿ ಹೈಕೋರ್ಟಿನ ಮುಂದೆ ಇಡಬೇಕಾದಾಗ, ‘ತನ್ನ’ ಮತ್ತು ‘ಅವನ’ ಎಂಬವೆರಡೂ ‘ಹಿಸ್’ ಆಗಿಬಿಟ್ಟರೆ ಅದು ಸಣ್ಣ ಮಾತಾಗಿ ಉಳಿಯುವದಿಲ್ಲ. ಇಂಗ್ಲೀಷು ದಸ್ತೈವಜುಗಳಲ್ಲಿ ಸರ್ವನಾಮವನ್ನು ನಂಬದೆ ‘ಸದರಿ ಇಂಥವನ’ ಎಂದು ಹೆಸರನ್ನೇ ಮತ್ತೆ ಮತ್ತೆ ಬರೆಯುವ ಪದ್ಧತಿಯು ಬೆಳೆದಿರುವದಕ್ಕೆ ಇಂಥ ಸಂದಿಗ್ಧವನ್ನು ತಪ್ಪಿಸುವದೇ ಕಾರಣ.

ಇಲ್ಲಿಗೆ ವ್ಯಾಕರಣವು ಸಾಲೆಯ ಹೊಸ್ತಿಲನ್ನು ದಾಟಿ ಹೊಲಕ್ಕೆ ಬರುವದು. ಕಾನಡಾದ ಮೊದಲನೆಯ ಕಲೆಕ್ಟರನಾದ ತಾಮಸ್ ಮನ್ರೋ ಸಾಹೇಬನು ಇಲ್ಲಿಯ ಹಳೆಯ ಲೆಕ್ಕದ ಕಡತಗಳನ್ನು ನೋಡಿ, ಈ ಪ್ರಾಂತದಲ್ಲಿ ಭೂಮಿಯು ಖಾಸಗಿ ಸೊತ್ತೆಂದು 1800ರಲ್ಲಿ ಸರಕಾರಕ್ಕೆ ಬರೆದನು. ಆದರೆ ‘ಖಾಸಗಿ ಸೊತ್ತು’ ಎಂಬ ಒಂದು ಮಾತಿನಲ್ಲಿ ಇಲ್ಲಿಯ ವ್ಯವಸ್ಥೆಯು ಅಡಗುವಂತಿರಲಿಲ್ಲ. ಒಂದೇ ಗದ್ದೆಗೆ ಮೂಲಿಯ ಹಕ್ಕುಳ್ಳ ಧನಿಯೊಬ್ಬನು. ಅವನಿಂದ ಗೊತ್ತಾದ ಗೇಣಿಗೆ ಶಾಶ್ವತವಾಗಿ ಪಡೆದ ಮೂಲಗೇಣಿಯವನೊಬ್ಬನು. ಅವನ ಕೈಕೆಳಗೆ ವರುಷ ವರುಷಕ್ಕೆ ಬದಲಾಗಬಹುದಾದ ಚಾಲಗೇಣಿಯ ಒಕ್ಕಲಿನವನೊಬ್ಬನು. ಎಲ್ಲರ ಮೇಲೆ ಸಾರಾ ಎತ್ತುವ ಸರಕಾರ. ಇವರಲ್ಲಿ ಪ್ರತಿಯೊಬ್ಬನೂ ಆ ಗದ್ದೆಯನ್ನು ‘ನನ್ನ ಗದ್ದೆ’ ಎನ್ನುತ್ತಿದ್ದನು. ಯಾರ ಮಾತೂ ಸುಳ್ಳಾಗಿರಲಿಲ್ಲ. ಷಷ್ಠಿಯು ಹೇಳುವದು ಸಂಬಂಧವನ್ನು. ಸಂಬಂಧಗಳು ಒಂದೇ ವಸ್ತುವಿಗೆ ಹಲವು ಇರಬಲ್ಲವು. ಇಂಗ್ಲೀಷು ನ್ಯಾಯಶಾಸ್ತ್ರವಾದರೋ ಮೊದಲು ಕೇಳುವ ಪ್ರಶ್ನೆ: ಸ್ವಾಮಿ ಯಾರು?

ಈ ಪ್ರಶ್ನೆಯು ಮುಂಬಯಿ ಹೈಕೋರ್ಟಿನವರೆಗೆ ಹೋಯಿತು. ಹೊಸ ಭೂಮಾಪನದಿಂದ ಸಾರಾ ಏರಿದಾಗ ಕಾನಡಾದ ಭೂಹಿಡುವಳಿದಾರರ ಪಕ್ಷದಿಂದ ವೈಕುಂಠ ಬಾಪೂಜಿ ಎಂಬವರು ಮುಂಬಯಿ ಸರಕಾರದ ಮೇಲೆ ಹೂಡಿದ ಖಟ್ಲೆಯು 1875ರಲ್ಲಿ ನಿರ್ಣಯವಾಯಿತು. ಪ್ರಾಚೀನ ಅರಸರ ಕಾಲದಿಂದ ಬಂದ ಭೂಸ್ವಾಮ್ಯದ ಇತಿಹಾಸವನ್ನೆಲ್ಲ ಅಲ್ಲಿ ಶೋಧಿಸಲಾಯಿತು. ಆದರೂ ಭೂಮಿಯು ನಿನ್ನದೆಂದ ಮಾತ್ರಕ್ಕೆ ಅದರ ಮೇಲಿನ ಸಾರಾ ಹೆಚ್ಚಿಸುವ ಅಧಿಕಾರವು ಸರಕಾರದ ಕೈತಪ್ಪುವದಿಲ್ಲ ಎಂಬಲ್ಲಿಗೆ ವಾದವು ಮುಗಿಯಿತು. ‘ನಿನ್ನದು’ ಎಂದೊಪ್ಪಿಕೊಂಡು ‘ನಮಗೆ ಕೊಡು’ ಎನ್ನುವ ಈ ನ್ಯಾಯವು ಕರಾವಳಿಯ ಜನಕ್ಕೆ ಮರೆಯದ ಪಾಠವಾಯಿತು.

ಮುಂದಿನ ಅರ್ಧ ಶತಮಾನದಲ್ಲಿ ಇಂಗ್ಲೀಷನ್ನು ಕಲಿತವರೇ ಆ ಭಾಷೆಯ ಸ್ವಾಮ್ಯವಾಚಕವನ್ನು ಆಳುವವರ ಮುಂದೆ ಹಿಡಿದರು. 1930ರ ಎಪ್ರಿಲ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯದೆಯ ಭಂಗವಾಯಿತು. ಸಮುದ್ರವು ನಮ್ಮದು, ಉಪ್ಪು ನಮ್ಮದು, ಅದರ ಮೇಲೆ ಕರ ಹೇರುವವರು ಯಾರು ಎಂಬದೇ ಅಲ್ಲಿಯ ವಾದದ ತಿರುಳು. ಅದರ ಬೆನ್ನಿಗೆ ಕರನಿರಾಕರಣೆಯ ಚಳುವಳಿಯು ಬಂದಿತು. ಅಂಕೋಲೆಯ ಒಕ್ಕಲು ಮನೆಗಳವರು ಸಾರಾ ಕೊಡಲೊಲ್ಲೆವೆಂದು ಕುಳಿತರು. ಅವರ ಜಮೀನುಗಳನ್ನು ಸರಕಾರವು ಜಪ್ತಿ ಮಾಡಿ ಪರರಿಗೆ ಹರಾಜು ಹಾಕಿತು. ಅಜ್ಜನ ಕಾಲದಿಂದ ‘ನಮ್ಮದು’ ಎಂದು ಕರೆದ ಗದ್ದೆಯು ಒಂದು ದಿನದ ಹರಾಜಿನಿಂದ ‘ಅವರದು’ ಆಯಿತು. ಗುಜರಾತದ ಬಾರ್ಡೋಲಿಯೊಡನೆ ಅಂಕೋಲೆಯನ್ನು ಹೋಲಿಸುವದು ಈ ಕಾರಣದಿಂದಲೇ. 1937ರಲ್ಲಿ ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದ ಮೇಲೆ, ಜಪ್ತಿಯಾದ ಜಮೀನುಗಳನ್ನು ಮೂಲದವರಿಗೆ ಮರಳಿಸುವ ಕಾಯದೆಯು 1938ರಲ್ಲಿ ಆಯಿತು. ಇಂಗ್ಲೀಷಿನಲ್ಲಿ ಬರೆದ ಆ ಕಾಯದೆಯು ‘ಅವರದು’ ಎಂಬದನ್ನು ತಿದ್ದಿ ಮತ್ತೆ ‘ಇವರದು’ ಎಂದು ಬರೆಯಿತು.

ಆದರೆ ನಮ್ಮವರಲ್ಲಿಯೇ ಧನಿಗೂ ಒಕ್ಕಲಿಗೂ ನಡುವಿನ ಪ್ರಶ್ನೆಯು ಉಳಿದೇ ಇದ್ದಿತು. ಉತ್ತವನು ‘ತನ್ನ’ ಹೊಲವನ್ನು ಉತ್ತನೋ ‘ಅವನ’ ಹೊಲವನ್ನು ಉತ್ತನೋ ಎಂಬ ವ್ಯಾಕರಣದ ಉದಾಹರಣೆಯು ಇಲ್ಲಿ ಜೀವನದ ಪ್ರಶ್ನೆಯಾಯಿತು. ಅಂಕೋಲಾ ತಾಲೂಕಿನವರಾದ ದಿನಕರ ದೇಸಾಯಿಯವರು 1930ರ ದಶಕದ ಕೊನೆಗೆ ಗೇಣಿ ರೈತರನ್ನು ಸಂಘಟಿಸಿದರು. 1940ರಲ್ಲಿ ಸರಕಾರವು ಅವರನ್ನು ಜಿಲ್ಲೆಯಿಂದ ಹೊರಗಿಟ್ಟಿತು. ಅವರು ಬೆಂಬಲಿಸಿದ ವಾದಕ್ಕೆ ಕಾಯದೆಯ ಪೂರ್ಣ ಬಲವು ಬಂದದ್ದು 1974ರಲ್ಲಿ. ಆ ವರ್ಷದ ಮಾರ್ಚ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಯು ಸರಕಾರದ ಮೂಲಕ ಉಳುವವನಿಗೆ ಸಲ್ಲುವಂತಾಯಿತು. ಒಂದು ಕೈಬರಹದ ಅರ್ಜಿಯಿಂದ ‘ಅವನ’ ಎಂಬದು ‘ತನ್ನ’ ಎಂದಾದ ಮನೆಗಳು ಈ ಕರಾವಳಿಯಲ್ಲಿ ಎಷ್ಟೋ ಇವೆ. ಹೊಲದ ‘ನನ್ನದು’ ಕೈತಪ್ಪಿದ ಮನೆಗಳೂ ಇವೆ. ಅವುಗಳಲ್ಲಿ ಚಿಕ್ಕ ಹಿಡುವಳಿಯ ವಿಧವೆಯರ ಮನೆಗಳೂ ಇದ್ದವೆಂಬದನ್ನು ಇತಿಹಾಸವು ಮುಚ್ಚಿಡಬಾರದು.

ಊರಿನ ವಿಷಯದಲ್ಲಿಯೂ ಇದೇ ಪ್ರಶ್ನೆ ಎದ್ದಿತು. 1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ, ಕಾರವಾರವು ತಮ್ಮದೆಂದು ಮಹಾರಾಷ್ಟ್ರದವರು ವಾದಿಸಿದರು. 1967ರಲ್ಲಿ ವರದಿಯೊಪ್ಪಿಸಿದ ಮಹಾಜನ ಆಯೋಗವು ಆ ಬೇಡಿಕೆಯನ್ನು ಅಂಗೀಕರಿಸಲಿಲ್ಲ. ಆದರೆ ಕಾರವಾರದ ಕೊಂಕಣಿಗನು ‘ಆಮಗೆಲೆಂ ಕಾರವಾರ’ ಎಂದಾಗಲೂ ಕನ್ನಡಿಗನು ‘ನಮ್ಮ ಕಾರವಾರ’ ಎಂದಾಗಲೂ ಒಬ್ಬನ ಮಾತು ಇನ್ನೊಬ್ಬನ ಮಾತನ್ನು ಅಳಿಸಬೇಕಾಗಿಲ್ಲ. ಸ್ವಾಮ್ಯವನ್ನು ಹಂಚಿದರೆ ಕಡಿಮೆಯಾಗುವದು. ಸಂಬಂಧವನ್ನು ಹಂಚಿದರೆ ಹೆಚ್ಚುವದು.

ಇಂಗ್ಲೀಷು ಈಗ ಈ ಪ್ರಾಂತಕ್ಕೆ ಪರಕೀಯವಾಗಿ ಉಳಿದಿಲ್ಲ. ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಸಾಲೆಗಳಿಂದಲೂ, 1966ರಲ್ಲಿ ಅಂಕೋಲೆಯಲ್ಲಿ ಆರಂಭವಾದ ಗೋಖಲೆ ಶತಾಬ್ದಿ ಕಾಲೇಜಿನಿಂದಲೂ ಅದು ಒಕ್ಕಲು ಮಕ್ಕಳ, ಮೀನುಗಾರರ ಮಕ್ಕಳ ಕೈಗೆ ಬಂದಿತು. ಇಂದಿನ ವಿದ್ಯಾರ್ಥಿಗಳು ‘ಇಟ್ಸ್’ ಎಂಬದರಲ್ಲಿ ಮೇಲಿನ ಚಿಹ್ನೆ ಎಲ್ಲಿ ಬೇಕು ಎಲ್ಲಿ ಬೇಡವೆಂದು ತಡಕಾಡುತ್ತಾರೆ. 17, 18ನೆಯ ಶತಮಾನಗಳ ಇಂಗ್ಲೀಷರೂ ಸ್ವಾಮ್ಯದ ಅರ್ಥದಲ್ಲಿಯೇ ಆ ಚಿಹ್ನೆಯನ್ನು ಹಾಕುತ್ತಿದ್ದರೆಂದು ತಿಳಿದರೆ ಅವರಿಗೆ ಸಮಾಧಾನವಾದೀತು. ಕಲಿಸುವವರು ರೂಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೊದಲು, ಹುಡುಗನ ಮನೆಮಾತಿನಲ್ಲಿ ‘ಅವಳ ತಮ್ಮ’ ಎಂಬದನ್ನು ಹೇಗೆ ಹೇಳುವರೆಂದು ಕೇಳಿದರೆ ಅರ್ಧ ತಪ್ಪುಗಳು ತಾವಾಗಿಯೇ ತಿಳಿಯಾಗುವವು. ಹಾಡುವಳ್ಳಿಯ ಪಂಡಿತನು ದೇಶಭಾಷೆಯ ನಿಯಮವನ್ನು ಗೌರವಿಸಿ ಶಾಸ್ತ್ರವನ್ನು ಕಟ್ಟಿದನು. ಪರಭಾಷೆಯನ್ನು ಕಲಿಸುವವರಿಗೂ ಆ ದಾರಿಯೇ ಹತ್ತಿರದ ದಾರಿ.